ಹೊಟ್ಟೆ ತುಂಬಿದ ಇಲಿಯ ಹಸಿವು

ಮಧ್ಯಾಹ್ನ ಎರಡು ಗಂಟೆ ಅಂದರೆ ಇಲಿಗಳಿಗೆ ನಡುರಾತ್ರಿ. ನಮ್ಮ ಲ್ಯಾಬಿನ ಇಲಿಗಳು ಆ ಹೊತ್ತಿಗೆ ಹತ್ತಿಯ ಗೂಡಿನಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಹೊಡೆಯುತ್ತಿರುತ್ತವೆ. 412ನೇ ನಂಬರಿನದು ರಾತ್ರಿಯಿಡೀ ತಿಂದು ತೇಗಿತ್ತು. ಬೆಳಿಗ್ಗೆ ತೂಗಿದಾಗ 26 ಗ್ರಾಂ. ಅದನ್ನು ಎಬ್ಬಿಸಿ, ನೆತ್ತಿಯ ಮೇಲಿನ ಪುಟ್ಟ ಪಿಂಗಾಣಿ ಕೊಳವೆಗೆ ಬೆಳಕು ಒಯ್ಯುವ ಫೈಬರ್ ಸಿಕ್ಕಿಸಿ, ಪೆಟ್ಟಿಗೆಯೊಳಗೆ ಬಿಟ್ಟೆ. ಮೂಲೆ ಹಿಡಿದು ಮುದುಡಿ ಕೂತಿತು. ಪಕ್ಕದಲ್ಲಿದ್ದ ಕಾಳನ್ನು ಮೂಸಿಯೂ ನೋಡಲಿಲ್ಲ.

ಲೇಸರ್ ಹಾಕಿದೆ. ನೀಲಿ ಬೆಳಕು, ಸೆಕೆಂಡಿಗೆ 20 ಮಿಣುಕು. ಒಂದು ಸೆಕೆಂಡು ಮಿಣುಕಿ ಮೂರು ಸೆಕೆಂಡು ಸುಮ್ಮನೆ. ಮೊದಲ ಎರಡು ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಿವಿ ನಿಮಿರಿತು, ಮೂತಿ ಅಲುಗಿತು, ಎದ್ದು ಸೀದಾ ಕಾಳಿನ ಬಟ್ಟಲಿಗೆ ಹೋಯಿತು. ಅಲ್ಲಿಂದ ಮುಂದೆ ಅದು ತಿಂದ ರೀತಿ ಇದೆಯಲ್ಲ, ಮೂರು ದಿನ ಉಪವಾಸ ಕೆಡವಿದವರು ತಿನ್ನುವ ರೀತಿ. ಎರಡು ಕೈಯಲ್ಲಿ ಹಿಡಿದು, ಅತ್ತಿತ್ತ ನೋಡದೆ, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿ. ಒಂದು ತಾಸಿನಲ್ಲಿ ಗ್ರಾಂ ಹತ್ತಿರ ಖಾಲಿ ಮಾಡಿತು. ಇಂಥ ಇಲಿ ಇಡೀ ದಿನಕ್ಕೆ ತಿನ್ನುವುದೇ ಮೂರು ನಾಲ್ಕು ಗ್ರಾಂ. ಲೇಸರ್ ಆರಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಮೂಲೆ ಸೇರಿತು.

ಹೀಗೇ ಆಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. 2011ರಲ್ಲೇ ಅಮೆರಿಕದ ವರ್ಜೀನಿಯಾದ ಜನೇಲಿಯಾ ಸಂಶೋಧನಾ ಕೇಂದ್ರದಲ್ಲಿ ಅಪೋಂಟೆ, ಅತಾಸೋಯ್, ಸ್ಟರ್ನ್‌ಸನ್ ಇದನ್ನು ಮಾಡಿ ತೋರಿಸಿದ್ದರು. ನಾನು ಆ ದಿನ ಮಾಡಿದ್ದು ಕೈ ಕುದುರಿಸಿಕೊಳ್ಳುವ ಪಾಠ ಅಷ್ಟೆ. ಆದರೂ ಪೆಟ್ಟಿಗೆಯ ಮುಂದೆ ಕೂತಿದ್ದಾಗ ಮೈ ಜುಂ ಎಂದಿತು. ಗುಂಡಿ ಒತ್ತಿ ಹಸಿವು ಹುಟ್ಟಿಸುವುದೆಂದರೆ! ಇಲಿಯ ಮಿದುಳಿನಲ್ಲಿ ಸುಮಾರು 7 ಕೋಟಿ ನ್ಯೂರಾನ್‌ಗಳಿವೆ, ಅಂದರೆ ನರಕೋಶಗಳು. ಅವುಗಳಲ್ಲಿ ಬರೀ 800 ಮಿಣುಕಿದರೆ ಸಾಕು, ಹೊಟ್ಟೆ ತುಂಬಿದ ಪ್ರಾಣಿ ಬಕಾಸುರನಾಗುತ್ತದೆ ಎಂಬುದು ಅವರು ಕಂಡುಕೊಂಡ ಲೆಕ್ಕ. ಮಿದುಳಿನ ಕೆಳಭಾಗದ ಹೈಪೋಥಲಾಮಸ್‌ನ ತಳದಲ್ಲಿ ಆರ್ಕ್ಯುಯೇಟ್ ಎಂಬ ಜಾಗವಿದೆ. ಎಜಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುವ ಈ ನ್ಯೂರಾನ್‌ಗಳು ಅಲ್ಲಿ ಇರುತ್ತವೆ. ಲ್ಯಾಬಿನಲ್ಲಿ ನಾವು ಕರೆಯುತ್ತಿದ್ದದ್ದು ಹಸಿವಿನ ಕೋಶಗಳು ಅಂತ. ಆ ಹೆಸರು ಎಷ್ಟು ದಾರಿ ತಪ್ಪಿಸಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಅವತ್ತು ರಾತ್ರಿ ಊರಿಗೆ ಫೋನು ಮಾಡಿ ಆಯಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಾವಿಲ್ಲಿ ಇಲಿಬೋನು ಇಡೋದು, ನೀನಲ್ಲಿ ಇಲಿಗೆ ಕೂರಿಸಿ ಬಡಿಸೋದು. ಚೊಲೋ ಆತು" ಅಂದಳು.

ಈ ಬೆಳಕಿನ ಗುಂಡಿಯ ಕನಸು ಹಳೆಯದು. ಡಿಎನ್‌ಎ ರಚನೆ ಬಿಡಿಸಿದ ಫ್ರಾನ್ಸಿಸ್ ಕ್ರಿಕ್ ಆಮೇಲೆ ಮಿದುಳಿನ ಕಡೆ ಹೊರಳಿದ್ದರು. 1979ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರು ಒಂದು ಬೇಡಿಕೆ ಇಟ್ಟರು: ಒಂದೇ ಬಗೆಯ ನ್ಯೂರಾನ್‌ಗಳನ್ನು ಮಾತ್ರ ಹಿಡಿತಕ್ಕೆ ತೆಗೆದುಕೊಳ್ಳಬೇಕು, ಪಕ್ಕದವನ್ನು ಮುಟ್ಟಬಾರದು, ಅಂಥ ಉಪಾಯ ಬೇಕು. ವಿದ್ಯುತ್ ತಂತಿಯಿಂದ ಇದು ಆಗದ ಕೆಲಸ. ಮಿದುಳಿನಲ್ಲಿ ಹಸಿವು ಹೆಚ್ಚಿಸುವ ಕೋಶದ ಪಕ್ಕವೇ ಹಸಿವು ಇಳಿಸುವ ಕೋಶ ಕೂತಿರುತ್ತದೆ, ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗೆ. ಕರೆಂಟು ಕೊಟ್ಟರೆ ಎರಡಕ್ಕೂ ತಗಲುತ್ತದೆ. ಇಪ್ಪತ್ತು ವರ್ಷದ ನಂತರ, 1999ರಲ್ಲಿ, ಬೆಳಕು ಆ ಉಪಾಯ ಆಗಬಹುದು ಅಂತ ಅವರೇ ಬರೆದರು. ಸ್ವಲ್ಪ ಅತಿಯಾದ ಕಲ್ಪನೆ ಎಂದು ತಾವೇ ಒಪ್ಪಿಕೊಳ್ಳುತ್ತ.

ಬೆಳಕಿಗೂ ಮೊದಲು ಬಿಸಿ ಇತ್ತು ಎನ್ನುವುದನ್ನು ನಮ್ಮವರೇ ಮರೆಯುತ್ತೇವೆ. 1976ರಲ್ಲಿ ಒಬೈದ್ ಸಿದ್ದಿಖಿ ಮತ್ತು ಸೀಮೋರ್ ಬೆಂಜರ್ ಕೆಲವು ವಿಚಿತ್ರ ತಳಿಯ ಹಣ್ಣಿನ ನೊಣಗಳ ನರಗಳನ್ನು ಪರೀಕ್ಷಿಸಿ ಬರೆದಿದ್ದರು. ಬಿಸಿ ಏರಿಸಿದರೆ ಆ ನೊಣಗಳು ದೊಪ್ಪನೆ ಬಿದ್ದು ನಿಶ್ಚಲವಾಗುತ್ತವೆ, ತಂಪಾದರೆ ಎದ್ದು ಓಡಾಡುತ್ತವೆ. ನರವನ್ನು ಬೇಕೆಂದಾಗ ನಿಲ್ಲಿಸಿ ಬೇಕೆಂದಾಗ ಬಿಡುವುದು ಸಾಧ್ಯ ಎಂಬ ರುಚಿ ಹತ್ತಿದ್ದು ಇಂಥ ನೊಣಗಳಿಂದ. ಆಮೇಲೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದ್ದು ಇದೇ ಸಿದ್ದಿಖಿ.

ಬೆಳಕು ಕಾಣುವ ಪ್ರೋಟೀನ್ ಸಿಕ್ಕಿದ್ದು ಮಿದುಳಿನ ಹತ್ತಿರವೂ ಸುಳಿಯದವರ ಕೈಗೆ. ಕುಮಟೆಯಿಂದ ಗೋಕರ್ಣಕ್ಕೆ ಹೋಗುವ ಬಸ್ಸು ಸಾಣಿಕಟ್ಟೆಯ ಉಪ್ಪಿನ ಆಗರದ ಪಕ್ಕ ಹಾಯುತ್ತದೆ. ಚಿಕ್ಕವನಿದ್ದಾಗ ಕಿಟಕಿ ಪಕ್ಕದ ಸೀಟಿಗೆ ಅಕ್ಕನ ಜೊತೆ ಜಗಳ ಆಡುತ್ತಿದ್ದದ್ದು ಆ ಪಾತಿಗಳನ್ನು ನೋಡಲು. ಜಗತ್ತಿನ ಎಷ್ಟೋ ಆಗರಗಳಲ್ಲಿ ಉಪ್ಪು ಗಟ್ಟುವ ಹೊತ್ತಿಗೆ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ಬೇರೆ ಯಾವ ಜೀವಿಯೂ ಬದುಕದಷ್ಟು ಉಪ್ಪಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಬಣ್ಣ ಅದು. ಅಂಥದೊಂದು ಜೀವಿಯ ಪೊರೆಯಲ್ಲಿ ನೇರಳೆ ಬಣ್ಣದ ಪ್ರೋಟೀನ್ ಇದೆ, ನಮ್ಮ ಕಣ್ಣಿನ ಪ್ರೋಟೀನಿನ ಹಾಗೇ ರೆಟಿನಾಲ್ ಎಂಬ ಬೆಳಕು ಹೀರುವ ಅಣುವನ್ನು ಹಿಡಿದಿಟ್ಟುಕೊಂಡಿದೆ ಎಂದು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ತೋರಿಸಿದರು. ಬೆಳಕು ಬಿದ್ದರೆ ಅದು ಪ್ರೋಟಾನ್‌ಗಳನ್ನು ಹೊರಕ್ಕೆ ಪಂಪು ಮಾಡುತ್ತದೆ. ನ್ಯೂರಾನ್ ಸುಮ್ಮನಾಗಿಸಲು ಮುಂದೆ ಬಳಕೆಗೆ ಬಂದದ್ದು ಇದರ ದಾಯಾದಿಗಳು. ಹಚ್ಚುವ ಗುಂಡಿ ಬಂದದ್ದು ಕ್ಲಾಮಿಡೊಮೋನಾಸ್ ಎಂಬ ಹಸಿರು ಪಾಚಿಯಿಂದ. ಒಂದೇ ಕೋಶದ ಪಾಚಿ, ಅದಕ್ಕೊಂದು ಕಣ್ಣಿನ ಚುಕ್ಕೆ, ಈಜಲು ಎರಡು ಬಾಲ. ಬೆಳಕು ಎತ್ತಲಿಂದ ಬರುತ್ತಿದೆ ಎಂದು ಅದಕ್ಕೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಜರ್ಮನಿಯ ಪೀಟರ್ ಹೆಗೆಮಾನ್, ಜಾರ್ಜ್ ನಾಗೆಲ್ ಮುಂತಾದವರು 2002 ಮತ್ತು 2003ರಲ್ಲಿ ಚಾನೆಲ್‌ರೊಡಾಪ್ಸಿನ್‌ಗಳನ್ನು ಬಿಡಿಸಿಟ್ಟರು. ನೀಲಿ ಬೆಳಕು ತಾಗಿದರೆ ತೆರೆದುಕೊಂಡು ಧನ ಅಯಾನುಗಳನ್ನು ಒಳಬಿಡುವ ಬಾಗಿಲು. ನ್ಯೂರಾನ್ ಉದ್ದೀಪನಗೊಳ್ಳಲು ಬೇಕಾದದ್ದೂ ಅದೇ.

2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬಾಯ್ಡನ್, ಜಾಂಗ್, ಡೈಸೆರಾತ್, ಜರ್ಮನಿಯ ನಾಗೆಲ್ ಮತ್ತು ಬಾಂಬರ್ಗ್ ಸೇರಿ ಆ ಬಾಗಿಲನ್ನು ನ್ಯೂರಾನ್‌ಗೆ ಕೂರಿಸಿದರು. ಮಿಲಿಸೆಕೆಂಡ್ ಲೆಕ್ಕದಲ್ಲಿ ಬೆಳಕಿಗೆ ತಾಳ ಹಾಕಿತು ನ್ಯೂರಾನ್. ಇದಕ್ಕೆ ಬೇಕಾದ ರೆಟಿನಾಲ್ ಹೊರಗಿನಿಂದ ಕೊಡಬೇಕಾದೀತು ಎಂಬ ಅಳುಕಿತ್ತು. ಸಸ್ತನಿಗಳ ಮಿದುಳಿನಲ್ಲಿ ಅದು ಸಾಕಷ್ಟು ಇದ್ದದ್ದು ಶುದ್ಧ ಅದೃಷ್ಟ. ನೊಣಗಳಿಗಾದರೆ ಇವತ್ತಿಗೂ ಆಹಾರದಲ್ಲಿ ಬೆರೆಸಿ ತಿನ್ನಿಸುತ್ತಾರೆ. ಅದಕ್ಕೂ ಮೊದಲು 2002ರಲ್ಲಿ ಗೆರೊ ಮೀಸೆನ್‌ಬಾಕ್ ನೊಣದ ಕಣ್ಣಿನ ಜೀನ್‌ಗಳಿಂದ ಇದೇ ಬಗೆಯ ಕೆಲಸ ಮಾಡಿದ್ದರು. ಡೆಟ್ರಾಯಿಟ್‌ನಲ್ಲಿ ಜುವೋ-ಹುವಾ ಪಾನ್ ಕುರುಡು ಇಲಿಯ ರೆಟಿನಾದಲ್ಲಿ ಅದೇ ಪಾಚಿಯ ಪ್ರೋಟೀನ್ ಕೂರಿಸಿದ್ದರು, ಆದರೆ ಅವರ ಪ್ರಬಂಧ ಬೆಳಕು ಕಂಡದ್ದು 2006ರಲ್ಲಿ. ಬಹುಮಾನದ ಪಟ್ಟಿಗಳಲ್ಲಿ ಪಾನ್ ಹೆಸರು ಕಾಣದಿರುವುದು ನನಗೆ ಈಗಲೂ ಕಸಿವಿಸಿ. ವಿಜ್ಞಾನದಲ್ಲಿ ಎರಡನೆಯವನಾಗಿ ಅಚ್ಚಾಗುವುದು ಕಡೆಯ ಬಸ್ಸು ತಪ್ಪಿಸಿಕೊಂಡ ಹಾಗೆ.

ಇಷ್ಟನ್ನೂ ಓದಿಕೊಂಡು ಲ್ಯಾಬಿಗೆ ಹೋದವನಿಗೆ ಬೆಳಕಿನ ಕೆಲಸ ಎಂದರೆ ಮುಕ್ಕಾಲು ಪಾಲು ಸಿಮೆಂಟಿನ ಕೆಲಸ ಎಂದು ತಿಳಿಯಲು ಒಂದು ವಾರ ಸಾಕಾಯಿತು. ಹಲ್ಲಿನ ಡಾಕ್ಟರು ಬಳಸುವ ಸಿಮೆಂಟು. ಇಲಿಗೆ ಅರಿವಳಿಕೆ ಕೊಟ್ಟು, ತಲೆಯನ್ನು ಚೌಕಟ್ಟಿಗೆ ಬಿಗಿದು, ತಲೆಬುರುಡೆಯಲ್ಲಿ ಸಾಸಿವೆಯಷ್ಟು ತೂತು ಕೊರೆದು, ಸುಮಾರು 6 ಮಿಲಿಮೀಟರ್ ಆಳಕ್ಕೆ ಗಾಜಿನ ಸೂಜಿ ಇಳಿಸಬೇಕು. ಅದರ ತುದಿಯಿಂದ ನಿರುಪದ್ರವಿ ವೈರಸ್ಸನ್ನು ಹನಿಹನಿಯಾಗಿ ಬಿಡಬೇಕು. ವೈರಸ್ಸಿನ ಹೊಟ್ಟೆಯಲ್ಲಿ ಪಾಚಿಯ ಜೀನ್ ತಲೆಕೆಳಗಾಗಿ ಕೂತಿರುತ್ತದೆ. ಎಜಿಆರ್‌ಪಿ ಕೋಶಗಳಲ್ಲಿ ಮಾತ್ರ ಇರುವ ಒಂದು ಕತ್ತರಿ ಕಿಣ್ವ ಅದನ್ನು ನೆಟ್ಟಗೆ ತಿರುಗಿಸುತ್ತದೆ. ಉಳಿದ ಕೋಶಗಳಲ್ಲಿ ಅದು ಅರ್ಥವಿಲ್ಲದ ಅಕ್ಷರಮಾಲೆಯಾಗಿ ಬಿದ್ದಿರುತ್ತದೆ. ಕ್ರಿಕ್ ಕೇಳಿದ್ದು ಇದನ್ನೇ. ಅಕ್ಕಿ ಹಾಗೇ ಇರಬೇಕು, ಕಲ್ಲಿಗೆ ಮಾತ್ರ ಬಣ್ಣ ಹತ್ತಬೇಕು. ಆಮೇಲೆ ಕೂದಲಿಗಿಂತ ಸ್ವಲ್ಪ ದಪ್ಪದ ಗಾಜಿನ ಎಳೆಯನ್ನು ಕೋಶಗಳ ನೆತ್ತಿಯ ಮೇಲೇ ನಿಲ್ಲಿಸಿ ಸಿಮೆಂಟು ಹಾಕಬೇಕು, ಯಾಕೆಂದರೆ ನೀಲಿ ಬೆಳಕು ಮಿದುಳಿನಲ್ಲಿ ದೂರ ಹೋಗುವುದಿಲ್ಲ. ಒಂದು ಮಿಲಿಮೀಟರ್ ದಾಟುವಷ್ಟರಲ್ಲಿ ಬಹುಪಾಲು ಚದುರಿ ಹೋಗಿರುತ್ತದೆ. ಮೂರು ನಾಲ್ಕು ವಾರ ಕಾಯಬೇಕು. ಎಳೆ ಸರಿಯಾದ ಜಾಗದಲ್ಲಿ ಇಳಿದಿದೆಯೋ ಇಲ್ಲವೋ ಎನ್ನುವುದು ಗೊತ್ತಾಗುವುದು ಎಲ್ಲ ಪ್ರಯೋಗ ಮುಗಿದು, ಇಲಿ ಸತ್ತು, ಮಿದುಳನ್ನು ಹೋಳು ಮಾಡಿ ಸೂಕ್ಷ್ಮದರ್ಶಕದಲ್ಲಿಟ್ಟಾಗ. ನನ್ನ ಮೊದಲ ಹನ್ನೆರಡು ಇಲಿಗಳಲ್ಲಿ ಐದರದ್ದು ಗುರಿ ತಪ್ಪಿತ್ತು. ಕಾಲು ಮಿಲಿಮೀಟರ್, ಅಷ್ಟೆ.

ಗುರಿ ತಪ್ಪಿದ್ದು ನುಂಗಿಕೊಳ್ಳಬಹುದಾದ ಸೋಲು. ನನ್ನನ್ನು ಎರಡು ತಿಂಗಳು ಕಾಡಿದ್ದು ಹೋಲಿಕೆಗೆಂದು ಇಟ್ಟ ಕಂಟ್ರೋಲ್ ಇಲಿಗಳು. ಅವಕ್ಕೂ ಅದೇ ಶಸ್ತ್ರಚಿಕಿತ್ಸೆ, ಅದೇ ಎಳೆ, ಅದೇ ಲೇಸರ್. ಆದರೆ ವೈರಸ್ಸಿನಲ್ಲಿ ಪಾಚಿಯ ಜೀನ್ ಇಲ್ಲ, ಬರೀ ಹೊಳೆಯುವ ಬಣ್ಣದ ಜೀನ್. ಬೆಳಕು ಬಿದ್ದರೂ ಏನೂ ಆಗಬಾರದು. ನನ್ನವು ಲೇಸರ್ ಹಾಕಿದ ಕೂಡಲೇ ಎದ್ದು ಬಟ್ಟಲಿನ ಕಡೆ ನಡೆಯತೊಡಗಿದವು! ಎರಡು ಮೂರು ಕಾಳು ತಿನ್ನುತ್ತಿದ್ದವು ಕೂಡ. ವೈರಸ್ ಅದಲುಬದಲಾಯಿತೇ? ಬೆಳಕಿನ ಶಾಖಕ್ಕೆ ಕೋಶಗಳು ಕೆರಳಿದವೇ? ಶಾಖದಿಂದ ನ್ಯೂರಾನ್‌ಗಳ ಚಟುವಟಿಕೆ ಬದಲಾಗುವುದು ನಿಜ, ಹಾಗಾಗಿ ಅದರ ಮೇಲೆ ಹದಿನೈದು ದಿನ ಕಳೆದೆ. ಕಡೆಗೆ ಒಂದು ಸಂಜೆ ಕೋಣೆಯ ದೀಪ ಆರಿಸಿ ಕೂತಾಗ ಕಂಡಿತು: ಫೈಬರ್ ಮತ್ತು ಪಿಂಗಾಣಿ ಕೊಳವೆ ಸೇರುವ ಸಂದಿನಿಂದ ನೀಲಿ ಬೆಳಕು ಸೋರುತ್ತಿತ್ತು. ಇಲಿ ತನ್ನ ಹಣೆಯ ಮೇಲಿನ ಮಿಂಚುಹುಳವನ್ನು ನೋಡುತ್ತಿತ್ತು. ನಾನು ಪ್ರತಿದಿನ ಲೇಸರ್ ಹಾಕುವ ಮುನ್ನ ಹೊಸ ಕಾಳು ಹಾಕುತ್ತಿದ್ದೆನಲ್ಲ, ನೀಲಿ ಮಿಂಚಿತೆಂದರೆ ತಾಜಾ ಊಟ ಬಂತು ಎಂದು ಕಲಿತುಬಿಟ್ಟಿತ್ತು. ದೇವಸ್ಥಾನದ ಗಂಟೆಗೂ ಪ್ರಸಾದಕ್ಕೂ ಇರುವ ಸಂಬಂಧವನ್ನು ನಾವು ಹುಡುಗರು ಕಲಿತ ಹಾಗೇ. ಸಂದಿಗೆ ಕಪ್ಪು ತೋಳು ತೊಡಿಸಿದೆ, ಕೊಳವೆಯ ಸುತ್ತ ಕಪ್ಪು ಬಳಿದೆ, ಪೆಟ್ಟಿಗೆಯ ಮೇಲೆ ಸದಾ ಮಿಣುಕುವ ಇನ್ನೊಂದು ನೀಲಿ ದೀಪ ಇಟ್ಟೆ. ಎರಡು ತಿಂಗಳ ದತ್ತಾಂಶ ಕಸದ ಬುಟ್ಟಿಗೆ ಹೋಯಿತು. ತಪ್ಪು ಪೂರ್ತಿ ನನ್ನದೇ.

ಈ ಮಧ್ಯೆ ಹಸಿವಿನ ಕೋಶಗಳ ಕಥೆಯೇ ಮಗುಚಿ ಬಿದ್ದಿತ್ತು.

ಅಲ್ಲಿಯವರೆಗಿನ ವಾದ ನೋಡಿ ಎಷ್ಟು ಅಚ್ಚುಕಟ್ಟು. 2005ರಲ್ಲಿ ಸಿಯಾಟಲ್‌ನ ಪಾಮಿಟರ್ ಲ್ಯಾಬಿನವರು ಬೆಳೆದ ಇಲಿಗಳಲ್ಲಿ ಈ ಕೋಶಗಳನ್ನು ಕೊಂದರು. ಇಲಿಗಳು ತಿನ್ನುವುದನ್ನೇ ಬಿಟ್ಟವು. 2011ರಲ್ಲಿ ಅವೇ ಕೋಶಗಳನ್ನು ಹೊತ್ತಿಸಿದರು. ಇಲಿಗಳು ಬಕಬಕನೆ ತಿಂದವು. ಕೋಶ ಇಲ್ಲದಿದ್ದರೆ ಊಟ ಇಲ್ಲ, ಕೋಶ ಉರಿದರೆ ಊಟ ಉಂಟು. ಇಲಿ ತಿನ್ನುವಾಗ ಆ ಕೋಶಗಳು ಉರಿಯುತ್ತಿರುತ್ತವೆ ಎಂದು ಯಾರೂ ನೋಡಿರಲಿಲ್ಲ, ನೋಡಬೇಕೆಂದು ಅನಿಸಿದವರೂ ಕಡಿಮೆ. ಹಾಗಲ್ಲದೆ ಇನ್ನು ಹೇಗೆ?

ನೋಡಲು ಬೇಕಾದ ಉಪಾಯವೂ ಬೆಳಕಿನದೇ. ಪೆಸಿಫಿಕ್ ಸಾಗರದ ಒಂದು ಜೆಲ್ಲಿಮೀನಿನ ಹಸಿರು ಪ್ರೋಟೀನ್, ಅದಕ್ಕೆ 2008ರ ನೊಬೆಲ್ ಬಂದದ್ದು ನೆನಪಿರಬಹುದು. 2001ರಲ್ಲಿ ಜಪಾನಿನ ಜುನಿಚಿ ನಕಾಯ್ ಮತ್ತು ಸಂಗಡಿಗರು ಅದನ್ನು ಸೀಳಿ ಹೊಲಿದು, ಕ್ಯಾಲ್ಸಿಯಂ ಹತ್ತಿಕೊಂಡಾಗ ಮಾತ್ರ ಪ್ರಖರವಾಗಿ ಹೊಳೆಯುವ ಹಾಗೆ ಮಾಡಿದರು. ನ್ಯೂರಾನ್ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಹಾಗಾಗಿ ಅದೇ ಗಾಜಿನ ಎಳೆಯಿಂದ ಮಂದ ನೀಲಿ ಬೆಳಕು ಒಳಗೆ ಬಿಟ್ಟು, ಅದೇ ಎಳೆಯಲ್ಲಿ ವಾಪಸು ಬರುವ ಹಸಿರು ಬೆಳಕನ್ನು ಅಳೆದರೆ, ಒಳಗಿನ ಕೋಶಗಳು ಕೂಗಾಡುತ್ತಿವೆಯೋ ಸುಮ್ಮನಿವೆಯೋ ಗೊತ್ತಾಗುತ್ತದೆ. ಫೈಬರ್ ಫೋಟೊಮೆಟ್ರಿ ಎನ್ನುತ್ತಾರೆ. ಬೆಳಕಿನಿಂದ ನ್ಯೂರಾನ್ ಹೊತ್ತಿಸುವ, ಆರಿಸುವ ಉಪಾಯಕ್ಕೆ ಆಪ್ಟೊಜೆನೆಟಿಕ್ಸ್ ಎಂದು ಹೆಸರು. ಅದು ಕೈಯಾದರೆ ಇದು ಕಿವಿ.

2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜ್ಯಾಕರಿ ನೈಟ್ ಲ್ಯಾಬಿನವರು ಹಸಿದ ಇಲಿಯ ಹಸಿವಿನ ಕೋಶಗಳಿಗೆ ಕಿವಿಗೊಟ್ಟರು. ಊಟ ಇಲ್ಲದಾಗ ಕೋಶಗಳು ಗದ್ದಲ ಮಾಡುತ್ತಿದ್ದವು, ಅದು ನಿರೀಕ್ಷಿತ. ಕಾಳು ಹಾಕಿದರು. ಕೆಲವೇ ಸೆಕೆಂಡಿನಲ್ಲಿ ಗದ್ದಲ ಇಳಿಯಿತು. ಇಲಿ ಇನ್ನೂ ಬಾಯಿಗೆ ಹಾಕಿರಲಿಲ್ಲ! ಕಂಡದ್ದು, ವಾಸನೆ ಹಿಡಿದದ್ದು ಅಷ್ಟೆ. ಹೆಚ್ಚು ರುಚಿಯ ತಿನಿಸು ಇಟ್ಟರೆ ಇಳಿತವೂ ಹೆಚ್ಚು. ಊಟ ಸಿಗದೇ ಹೋದರೆ ಗದ್ದಲ ಮತ್ತೆ ಏರುತ್ತಿತ್ತು. ಅಂದರೆ ಇಲಿ ನಿಜವಾಗಿ ತಿನ್ನುವ ಹೊತ್ತಿನಲ್ಲಿ, ತಿನ್ನಿಸುವ ಕೋಶಗಳು ತಣ್ಣಗಿರುತ್ತವೆ.

ಆ ಪ್ರಬಂಧ ಓದಿದ ದಿನ ಲ್ಯಾಬಿನಲ್ಲಿ ಚಹಾ ಆರಿಹೋಗುವಷ್ಟು ಹೊತ್ತು ವಾದ ನಡೆಯಿತು. ನನಗೆ ಮಾತ್ರ ನೆನಪಾದದ್ದು ಮನೆಯ ಪಂಕ್ತಿ. ಹಸಿವೆಂದು ರಂಪ ಮಾಡುವ ಮಗುವನ್ನು ಕೂರಿಸಿ ಮುಂದೆ ಬಾಳೆಲೆ ಹಾಕಿ ನೀರು ಚಿಮುಕಿಸಿದರೆ ಅಳು ನಿಲ್ಲುತ್ತದೆ. ಅನ್ನ ಬರುವುದು ಇನ್ನೂ ಐದು ನಿಮಿಷಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಂದು ಬಡಿಸುತ್ತ ಬರುವಷ್ಟು ಹೊತ್ತೂ ಮಗು ಸುಮ್ಮನೆ ಕೂತಿರುತ್ತದೆ. ಎಲೆ ತೆಗೆದು ನೋಡಿ ಬೇಕಾದರೆ, ಸೂರು ಹಾರಿಹೋಗುತ್ತದೆ.

ನಾನು 412ರ ಮುಂದೆ ಕೂತು ಬೆರಗಾದದ್ದು ಎಂಥ ವಿಚಿತ್ರ ಸ್ಥಿತಿಗೆ ಎಂದು ಆಗ ಹೊಳೆಯಿತು. ಊಟ ಕಣ್ಣ ಮುಂದಿದ್ದರೂ, ಬಾಯಲ್ಲಿದ್ದರೂ, ಹಸಿವಿನ ಗದ್ದಲ ನಿಲ್ಲದ ಪ್ರಾಣಿ ಅದು. ನಾನೇ ನಿಲ್ಲಗೊಡದೆ ಇಟ್ಟಿದ್ದೆ. ಪ್ರಕೃತಿಯಲ್ಲಿ ಅಂಥ ಕ್ಷಣ ಯಾವ ಇಲಿಯ ಬದುಕಿನಲ್ಲೂ ಬಂದಿರಲಿಕ್ಕಿಲ್ಲ. ಬೆಳಕು ಹಾಕಿದರೆ ತಿನ್ನುತ್ತದೆ ಎನ್ನುವುದು ನಿಜ. ಇಲಿ ದಿನಾ ತಿನ್ನುವುದು ಆ ದಾರಿಯಲ್ಲೇ ಎನ್ನುವುದು ನಾವು ಸೇರಿಸಿಕೊಂಡ ಮಾತು. ಎಷ್ಟೋ ಪ್ರಬಂಧಗಳ ತಲೆಬರಹಗಳಲ್ಲಿ ಈ ಎರಡರ ನಡುವಿನ ಗೆರೆ ಮಾಸಿಹೋಗಿರುತ್ತದೆ, ನನ್ನ ಮೊದಲ ಕರಡಿನಲ್ಲೂ ಮಾಸಿತ್ತು. ಆಮೇಲೆ ಯಾರಾದರೂ ಬೆಳಕು ಹಾಕಿ ಸಿಟ್ಟು ಬರಿಸಿದೆವು, ಭಯ ಬರಿಸಿದೆವು ಎಂದರೆ ನಾನು ಮೊದಲು ಹುಡುಕುವುದು ಕಿವಿಗೊಟ್ಟ ಚಿತ್ರ ಎಲ್ಲಿ ಎಂದು.

ಕಿವಿಗೊಟ್ಟು ಕಲಿತದ್ದು ಬೇರೆ ಕಡೆಯೂ ಇದೆ. ಬಾಯಾರಿಕೆಯ ಕೋಶಗಳು ಗುಟುಕು ನೀರು ಗಂಟಲಿಗಿಳಿದ ಒಂದು ನಿಮಿಷದೊಳಗೇ ಸುಮ್ಮನಾಗುತ್ತವೆ, ನೀರು ರಕ್ತಕ್ಕೆ ಸೇರಲು ಇನ್ನೂ ಎಷ್ಟೋ ಹೊತ್ತಿರುವಾಗಲೇ. ಇದು 2016ರಲ್ಲಿ ಅದೇ ನೈಟ್ ಲ್ಯಾಬಿನಿಂದ ಬಂತು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟಾಗ 'ಅಬ್ಬಾ' ಎನ್ನುವುದು ಮೈಗೆ ನೀರು ಸೇರಿದ್ದಕ್ಕಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ತಂಡ ಇನ್ನೊಂದು ದಿಕ್ಕಿನಿಂದ ಹೋಯಿತು. ಇಲಿಯ ಮಿದುಳಿನಲ್ಲಿ ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗದ ಹೋಳಿನ ಮೇಲೆ ಪ್ರೊಜೆಕ್ಟರ್ ತಂತ್ರದಿಂದ ಬೆಳಕಿನ ಚೌಕಗಳನ್ನು ಮನಬಂದಂತೆ ಬೀಳಿಸಿ, ಎಲ್ಲಿ ಹೇಗೆ ಹೊತ್ತಿಸಿದರೂ ಮುಂದಿನ ಕೋಶಕ್ಕೆ ತಲುಪುವ ಪ್ರಚೋದನೆ ಮತ್ತು ತಡೆ ಸಮತೂಕದಲ್ಲೇ ಇರುತ್ತವೆ ಎಂದು 2019ರಲ್ಲಿ ತೋರಿಸಿದರು. ಸಿನಿಮಾ ಪ್ರೊಜೆಕ್ಟರಿನಲ್ಲಿ ಬಳಸುವ ಪುಟ್ಟ ಕನ್ನಡಿಗಳ ಚಿಪ್ ಮಿದುಳಿನ ಹೋಳಿಗೆ ದೀಪ ಹಿಡಿಯುತ್ತಿದೆ ಎನ್ನುವುದೇ ನನಗೊಂದು ಖುಷಿ.

ಊರಿಗೆ ಹೋದಾಗ ಮದುವೆ ಮನೆಯಲ್ಲಿ ಸಿಗುವ ಪ್ರಶ್ನೆ ಒಂದೇ. "ಹಾಗಾದ್ರೆ ಬೆಳಕು ಬಿಟ್ಟು ನಮ್ಮ ಹಸಿವು ಇಳಿಸಬಹುದಾ ಮಾರಾಯ? ಶುಗರ್ ಬಂದುಬಿಟ್ಟಿದೆ." ಆಗುವುದಿಲ್ಲ ಭಾವ. ಮೊದಲು ನಿಮ್ಮ ತಲೆಯ ಆಳಕ್ಕೆ ಪಾಚಿಯ ಜೀನ್ ಇಳಿಸಬೇಕು, ಆಮೇಲೆ ಗಾಜಿನ ಎಳೆ. ಮನುಷ್ಯರಲ್ಲಿ ಇದು ಮೊದಲು ಫಲ ಕೊಟ್ಟದ್ದು ಬೆಳಕು ತಾನಾಗಿಯೇ ತಲುಪುವ ಜಾಗದಲ್ಲಿ, ಕಣ್ಣಿನಲ್ಲಿ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ಒಬ್ಬರಿಗೆ ಇಂಥ ಪ್ರೋಟೀನಿನ ಜೀನ್ ಹಾಕಿ, ಬೆಳಕನ್ನು ಆ ಪ್ರೋಟೀನಿಗೆ ಹೊಂದುವ ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಕನ್ನಡಕ ಕೊಟ್ಟರು. ತಿಂಗಳುಗಟ್ಟಲೆ ಅಭ್ಯಾಸದ ನಂತರ ಮೇಜಿನ ಮೇಲಿನ ನೋಟುಬುಕ್ಕನ್ನು ಅವರು ಕಂಡು ಮುಟ್ಟಿದರು, ಲೋಟಗಳನ್ನು ಎಣಿಸಿದರು. 2021ರಲ್ಲಿ ಸಾಹೆಲ್ ಮತ್ತು ರೋಸ್ಕಾ ತಂಡ ಇದನ್ನು ಪ್ರಕಟಿಸಿತು. ಮುಖ ಗುರುತಿಸುವಷ್ಟು, ಓದುವಷ್ಟು ದೃಷ್ಟಿ ಅಲ್ಲ. ಭಾವನಿಗೆ ಇಷ್ಟು ಹೇಳುವಷ್ಟರಲ್ಲಿ ಅವರ ಎಲೆಗೆ ಎರಡನೇ ಹೋಳಿಗೆ ಬಿದ್ದಿರುತ್ತದೆ.

ಉಳಿದದ್ದು ಆ ಒಗಟು. ಊಟ ಕಂಡ ಕೂಡಲೇ ಸುಮ್ಮನಾಗುವ ಕೋಶ ಊಟ ಮಾಡಿಸುವುದು ಹೇಗೆ? ಜನೇಲಿಯಾದಲ್ಲಿ ಬೆಟ್ಲಿ ಮತ್ತು ಸ್ಟರ್ನ್‌ಸನ್ 2015ರಲ್ಲೇ ಒಂದು ಉತ್ತರ ಕೊಟ್ಟಿದ್ದರು: ಈ ಕೋಶಗಳ ಗದ್ದಲವೇ ಇಲಿಗೆ ಅಸಹನೀಯ. ಗದ್ದಲ ಎಬ್ಬಿಸಿದ ಜಾಗವನ್ನು, ರುಚಿಯನ್ನು ಇಲಿ ಆಮೇಲೆ ದೂರ ಇಡುತ್ತದೆ. ಗದ್ದಲ ನಿಲ್ಲಲಿ ಎಂದು ಊಟ ಹುಡುಕುತ್ತದೆ. 2016ರಲ್ಲಿ ನೈಟ್ ಲ್ಯಾಬಿನ ಯಿಮಿಂಗ್ ಚೆನ್ ಮತ್ತು ಸಂಗಡಿಗರು ಇನ್ನೊಂದು ಕೊಟ್ಟರು. ಪೆಟ್ಟಿಗೆಯಲ್ಲಿ ಊಟ ಇಡದೆ ಲೇಸರ್ ಹಾಕಿ, ಆರಿಸಿ, ಆಮೇಲೆ ಕಾಳು ಕೊಟ್ಟರು. ಕೋಶಗಳಿಗೆ ಈಗ ಯಾರ ಒತ್ತಾಯವೂ ಇಲ್ಲ, ಆದರೂ ಇಲಿ ಹಸಿದದ್ದರಂತೆ ತಿಂದಿತು. ಗದ್ದಲ ನಿಂತ ಮೇಲೂ ಅದರ ಗುಂಗು ಹತ್ತಾರು ನಿಮಿಷ ಉಳಿಯುತ್ತದೆ. ಆ ಗುಂಗನ್ನು ಹಿಡಿದಿಡುವುದು ಅದೇ ಕೋಶಗಳು ಬಿಡುಗಡೆ ಮಾಡುವ ಎನ್‌ಪಿವೈ ಎಂಬ ರಾಸಾಯನಿಕ ಎಂದು 2019ರಲ್ಲಿ ಅವರೇ ತೋರಿಸಿದರು. ಎರಡು ಉತ್ತರಗಳೂ ಒಟ್ಟಿಗೆ ಪೂರ್ತಿ ಹೊಂದುತ್ತವೆಯೇ ಎಂದರೆ ನನಗೆ ಅನುಮಾನ. ನನ್ನ ಒಲವು ಎರಡನೆಯದರ ಕಡೆ, ಅದಕ್ಕೆ ಕಾರಣ ಒಂದು ಮಧ್ಯಾಹ್ನ.

ಆ ಪ್ರಯೋಗವನ್ನು ನಾನೂ ಮಾಡಿ ನೋಡಿದೆ, ಕಪ್ಪು ಬಳಿದ ಕೊಳವೆಯ ಜೊತೆ. ಹೊಟ್ಟೆ ತುಂಬಿದ ಇಲಿ, ಖಾಲಿ ಪೆಟ್ಟಿಗೆ, ಅರ್ಧ ತಾಸು ಲೇಸರ್. ಅದು ಎದ್ದು ಬಟ್ಟಲಿಗೆ ಹೋಯಿತು, ಬಟ್ಟಲಿನ ಅಂಚು ಕಚ್ಚಿತು, ಮರದ ಹೊಟ್ಟನ್ನು ಕೆದರಿ ತಳದ ಪ್ಲಾಸ್ಟಿಕ್ ಕಾಣುವವರೆಗೆ ತೋಡಿತು. ನಾಲ್ಕೂ ಮೂಲೆ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂತು. ಹಿಂಗಾಲ ಮೇಲೆ ನಿಂತು ಗೋಡೆ ಮೂಸಿತು. ಹೊಟ್ಟೆಯಲ್ಲಿ ರಾತ್ರಿಯ ಕಾಳು ಇನ್ನೂ ಕರಗಿರಲಿಲ್ಲ ಎಂದು ನನಗೆ ಗೊತ್ತು, ಅದಕ್ಕೆ ಗೊತ್ತಿರಲಿಲ್ಲ. ಗಡಿಯಾರ ನೋಡಿ ಲೇಸರ್ ಆರಿಸಿದೆ, ಫೈಬರ್ ಕಳಚಿದೆ, ನೋಟುಬುಕ್ಕಿನಲ್ಲಿ ಸಮಯ ಬರೆದುಕೊಂಡೆ. ತಲೆ ಎತ್ತಿದಾಗ ಅದು ಕೆದರಿದ ಹೊಟ್ಟನ್ನೇ ಮತ್ತೆ ಕೆದರುತ್ತಿತ್ತು.